ಹತ್ತಿರದಿಂದ ಹೂವಿನ ಫೋಟೊ: ಫೋಕಸ್ ಗಟ್ಟಿಯಾಗಿ ಕೂರಿಸುವ ಬಗೆ

ಹತ್ತಿರದಿಂದ ತೆಗೆದ ಹೂವಿನ ಫೋಟೊ ಮಸುಕಾಗಿ ಬಂದರೆ ಹೆಚ್ಚಿನವರು ಮೊದಲು ದೂರುವುದು ಲೆನ್ಸನ್ನು. ಲೆನ್ಸಿನ ತಪ್ಪು ಅದರಲ್ಲಿ ಅಪರೂಪ. ಹೂವಿಗೆ ಹತ್ತಿರವಾದಷ್ಟೂ ಫೋಕಸ್‌ನಲ್ಲಿ ನಿಲ್ಲುವ ಪದರ ತೆಳುವಾಗುತ್ತ ಹೋಗುತ್ತದೆ. ಆ ಪದರವನ್ನು ಹೂವಿನ ಯಾವ ಭಾಗದ ಮೇಲೆ ಹಾಸಬೇಕು ಎಂಬುದು ಕ್ಯಾಮೆರಾಕ್ಕೆ ಗೊತ್ತಾಗುವುದಿಲ್ಲ. ಅದನ್ನು ತೆಗೆಯುವವರೇ ಗೊತ್ತುಮಾಡಬೇಕು. ಕೋನ, ಗಾಳಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ತೂತು), ಶಟರ್ (ಬೆಳಕನ್ನು ಒಳಗೆ ಬಿಡುವ ಹೊತ್ತು) ಎಲ್ಲವೂ ಅದರ ನಂತರದ ಮಾತು.

ಕಲಿಯುವುದಕ್ಕೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹೊಲಗಳಷ್ಟು ಒಳ್ಳೆಯ ಜಾಗ ಬೇರೆ ಬೇಕಿಲ್ಲ. ಅಕ್ಟೋಬರ್-ನವೆಂಬರ್‌ನಲ್ಲಿ ತೊಗರಿ ಹೂವಾಡುತ್ತದೆ. ಚಳಿ ಬಿದ್ದ ಮೇಲೆ ಕಡಲೆ, ಅಗಸೆ, ಅದರ ಬೆನ್ನಿಗೇ ಕುಸುಬೆ. ಶಿವರಾತ್ರಿಯ ಆಸುಪಾಸಿಗೆ ಮುತ್ತುಗ. ಬದುವಿನ ಮೇಲೆ ಎಕ್ಕೆ, ತಂಗಡಿ ವರ್ಷದ ಬಹುಪಾಲು ಸಿಗುತ್ತವೆ. ಚಿಂಚೋಳಿ ಕಾಡಿನವರೆಗೆ ಹೋಗಬೇಕೆಂದೇನಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದವರು ಚರಗ ಚೆಲ್ಲಿ ಬುತ್ತಿ ಬಿಚ್ಚುವ ಮೊದಲು ಒಂದು ತಾಸು ಬಿಡುವು ಮಾಡಿಕೊಂಡರೂ ಸಾಕು.

ಪದರ ಎಷ್ಟು ದಪ್ಪ?

ಒಂದು ಸೆಂಟಿಮೀಟರ್ ಹೂವು ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕ) ಮೇಲೆ ಒಂದು ಸೆಂಟಿಮೀಟರ್ ಆಗಿಯೇ ಬಿದ್ದರೆ ಅದು 1:1 ಅಳತೆ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ, ಅಪರ್ಚರ್ ಎಫ್ 8 ಇಟ್ಟು (ಈ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು, ಪದರ ದಪ್ಪ) 1:1ರಲ್ಲಿ ತೆಗೆದರೆ ಫೋಕಸ್‌ನಲ್ಲಿ ನಿಲ್ಲುವುದು ಸುಮಾರು 1 ಮಿ.ಮೀ. ಮಾತ್ರ. ಕಡಕ್ ರೊಟ್ಟಿಗಿಂತಲೂ ತೆಳು. ಅದೇ ಹೂವನ್ನು ಅರ್ಧ ಅಳತೆಗೆ, ಅಂದರೆ 1:2ಕ್ಕೆ ತೆಗೆದರೆ ಪದರ ಹತ್ತಿರ ಹತ್ತಿರ 3 ಮಿ.ಮೀ. ಆಗುತ್ತದೆ, 1:4ಕ್ಕೆ ಸರಿದರೆ ಒಂದು ಸೆಂಟಿಮೀಟರಿನ ಹತ್ತಿರ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಈ ಎಲ್ಲ ಅಂಕಿಗಳನ್ನು ಮೂರನೇ ಎರಡು ಭಾಗಕ್ಕೆ ಇಳಿಸಿಕೊಳ್ಳಿ.

ಇದರಿಂದ ಹೊರಡುವ ಮೊದಲ ಪಾಠ: ಬೇಕಾದುದಕ್ಕಿಂತ ಹತ್ತಿರ ಹೋಗಬೇಡಿ. ತೀರಾ ಹತ್ತಿರದಿಂದ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಕೈಗೆ ಬಂದ ಕೂಡಲೇ ಅದರ ಕೊನೆಯ ಅಳತೆಯವರೆಗೆ ಹೋಗಬೇಕೆನಿಸುವುದು ಸಹಜ. ಆದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು ಅಗಲದಲ್ಲೂ ಎತ್ತರದಲ್ಲೂ ಅರ್ಧಕ್ಕೆ ಕತ್ತರಿಸಿದರೂ 3000×2000 ಪಿಕ್ಸೆಲ್ ಉಳಿಯುತ್ತದೆ. 12×8 ಇಂಚಿನ ಪ್ರಿಂಟಿಗೆ ಅಷ್ಟು ಧಾರಾಳ. ಕತ್ತರಿಸಿ ಹಿಗ್ಗಿಸಿದಾಗ, ದೂರ ಸರಿದು ಗಳಿಸಿದ ಮೂರು ಪಟ್ಟು ಪದರದಲ್ಲಿ ಅರ್ಧ ಕಳೆದುಹೋಗುತ್ತದೆ, ನಿಜ. ಆದರೂ ಒಂದೂವರೆ ಪಟ್ಟು ಕೈಯಲ್ಲಿ ಉಳಿಯುತ್ತದೆ, ಬೆಳಕೂ ಹೆಚ್ಚು ಸಿಗುತ್ತದೆ, ಕೈನಡುಕದ ಕಾಟವೂ ಕಡಿಮೆ.

ಮ್ಯಾಕ್ರೋ ಲೆನ್ಸ್ ಇಲ್ಲದವರು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಟೊಳ್ಳು ಕೊಳವೆಯಾದ ಎಕ್ಸ್‌ಟೆನ್ಷನ್ ಟ್ಯೂಬ್‌ನಿಂದ ಶುರುಮಾಡಬಹುದು. ಲೆಕ್ಕ ಸುಲಭ: ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ ಅಳತೆ ಸಿಕ್ಕಂತೆ. ಲೆನ್ಸಿಗೂ ಕ್ಯಾಮೆರಾಕ್ಕೂ ಸಂಪರ್ಕ ಕೊಡುವ ಎಲೆಕ್ಟ್ರಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ. ಅವಿಲ್ಲದ ಅಗ್ಗದ ಟ್ಯೂಬ್ ಹಾಕಿದರೆ, ಅಪರ್ಚರ್ ರಿಂಗ್ ಇಲ್ಲದ ಈಗಿನ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸಲು ಆಗುವುದಿಲ್ಲ. ಹೆಚ್ಚಿನ ಲೆನ್ಸುಗಳಲ್ಲಿ ಅದು ಪೂರ್ತಿ ತೆರೆದೇ ಉಳಿಯುವುದರಿಂದ ಪದರ ಇನ್ನೂ ತೆಳುವಾಗಿ ಕಲಿಯುವವರು ಬೇಸತ್ತು ಬಿಡುತ್ತಾರೆ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಕ್ಲೋಸ್‌ಅಪ್ ಫಿಲ್ಟರುಗಳಲ್ಲಿ +2, +4 ಸಾಕು. ಅದಕ್ಕಿಂತ ಬಲವಾದ ಅಗ್ಗದ ಗಾಜಿನಲ್ಲಿ ಚಿತ್ರದ ಅಂಚು ಕಲಸಿದಂತಾಗುತ್ತದೆ.

ಕೋನ

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹೆಜ್ಜೆ ಇದು, ಇದಕ್ಕೆ ಕಾಸೂ ಖರ್ಚಿಲ್ಲ. ಫೋಕಸ್ ಪದರ ಕ್ಯಾಮೆರಾದ ಬೆನ್ನಿಗೆ ಸಮಾನಾಂತರವಾಗಿ ನಿಲ್ಲುತ್ತದೆ. ಆದ್ದರಿಂದ ಹೂವಿನಲ್ಲಿ ಯಾವ ಭಾಗ ಸ್ಪಷ್ಟವಾಗಿ ಕಾಣಬೇಕೋ, ಆ ಭಾಗದ ಎದುರಿಗೆ ಕ್ಯಾಮೆರಾದ ಬೆನ್ನು ಸಮನಾಗಿರಬೇಕು.

ತೊಗರಿ ಹೂವನ್ನು ಹಿಡಿದು ನೋಡಿ. ಎರಡು ಸೆಂಟಿಮೀಟರಿನಷ್ಟಿರುವ ಹಳದಿ ಹೂವು. ಮೇಲೆದ್ದ ದೊಡ್ಡ ದಳದ ಬೆನ್ನಿನಲ್ಲಿ, ತಳಿಯನ್ನವಲಂಬಿಸಿ, ಕೆಂಪು ಗೀರುಗಳು. ಕೆಳಗೆ ದೋಣಿಯಂತೆ ಮಡಚಿಕೊಂಡ ಎರಡು ದಳ, ಅದರೊಳಗೆ ಕೇಸರಗಳು. ಎದುರಿನಿಂದ ತೆಗೆದರೆ ದೋಣಿಯ ತುದಿಯಿಂದ ಹಿಂದಿನ ದಳದವರೆಗೆ ಒಂದು ಸೆಂಟಿಮೀಟರಿಗೂ ಹೆಚ್ಚು ಆಳ. ಯಾವ ಅಪರ್ಚರ್ ಇಟ್ಟರೂ ಒಂದು ಕಡೆ ಮಸುಕು ತಪ್ಪದು. ಅದೇ ಹೂವಿಗೆ ಪಕ್ಕದಿಂದ ಬನ್ನಿ: ದೋಣಿಯ ಅಂಚು, ಮೇಲಿನ ದಳದ ಮಡಿಕೆ, ತೊಟ್ಟು ಮೂರೂ ಹೆಚ್ಚುಕಡಿಮೆ ಒಂದೇ ಪದರಕ್ಕೆ ಬರುತ್ತವೆ. ಎಫ್ 8ರಲ್ಲೇ ಇಡೀ ಹೂವು ನಿಲ್ಲುತ್ತದೆ. ಕೆಂಪು ಗೀರೇ ಮುಖ್ಯವೆಂದಾದರೆ ಹೂವಿನ ಹಿಂದಕ್ಕೆ ಹೋಗಿ ದಳದ ಬೆನ್ನಿಗೆ ನೇರವಾಗಿ ನಿಲ್ಲಿ.

ಕಲಿಯುವವರಿಗೆ ಮೊದಲ ಹೂವಾಗಿ ಅಗಸೆಯನ್ನು ಸೂಚಿಸುತ್ತೇವೆ. ಐದು ನೀಲಿ ದಳ ತಟ್ಟೆಯಂತೆ ಹರಡಿರುತ್ತವೆ, ಆಳ ಕಡಿಮೆ, ಮೇಲಿನಿಂದ ನೇರವಾಗಿ ನೋಡಿದರೆ ಫೋಕಸ್ ಸುಲಭಕ್ಕೆ ಕೂರುತ್ತದೆ. ಆದರೆ ಬೆಳಿಗ್ಗೆಯೇ ಹೋಗಬೇಕು. ಬಿಸಿಲು ಏರಿ ಮಧ್ಯಾಹ್ನವಾಗುವಷ್ಟರಲ್ಲಿ ದಳ ಉದುರಿ ಹೋಗಿರುತ್ತವೆ. ಕುಸುಬೆ ಇದಕ್ಕೆ ತೀರಾ ವಿರುದ್ಧ. ಗುಂಡನೆಯ ತಲೆಯಿಂದ ಎಳೆ ಎಳೆಯಾಗಿ ಹೂವು ಎದ್ದಿರುವುದರಿಂದ ಮೇಲಿನಿಂದ ತೆಗೆದರೆ ನಡುವಿನ ನಾಲ್ಕು ಎಳೆ ಬಿಟ್ಟು ಮಿಕ್ಕದ್ದೆಲ್ಲ ಮಸುಕು. ಕುಸುಬೆಯನ್ನು ಪಕ್ಕದಿಂದ, ತಲೆಯ ಮಟ್ಟಕ್ಕೇ ಕೂತು ತೆಗೆಯಿರಿ. ದಾಸವಾಳವೂ ಹಾಗೆಯೇ: ಮುಂದಕ್ಕೆ ಚಾಚಿದ ಕೇಸರದ ಕೋಲು ಕ್ಯಾಮೆರಾಕ್ಕೆ ಅಡ್ಡವಾಗಿ ಮಲಗಿದಂತೆ ಕಾಣುವ ಕಡೆ ಹುಡುಕಿ ನಿಲ್ಲಿ.

ಎಲ್ಲವನ್ನೂ ಒಂದೇ ಪದರಕ್ಕೆ ತರಲು ಆಗದಿದ್ದಾಗ ಕೇಸರದ ತುದಿಗೆ, ಪರಾಗದ ಪುಡಿ ಅಂಟಿರುವ ಜಾಗಕ್ಕೆ ಫೋಕಸ್ ಕೊಡಿ. ಅದು ಚೂಪಾಗಿದ್ದರೆ ದಳದ ಅಂಚು ಕರಗಿದ್ದರೂ ನೋಡುವವರ ಕಣ್ಣು ಒಪ್ಪುತ್ತದೆ. ದಳದ ಅಂಚು ಚೂಪಾಗಿ ಕೇಸರ ಮಸುಕಾದರೆ ಚಿತ್ರ ಕೆಟ್ಟಂತೆಯೇ. ಹೂವಿನ ಮೇಲೆ ಜೇನುಹುಳವಿದ್ದರೆ ಫೋಕಸ್ ಅದರ ಕಣ್ಣಿಗೆ.

ಹೊತ್ತು, ಗಾಳಿ, ಆಸರೆ

ಚಳಿಗಾಲದಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಅಲ್ಲಿಂದ ಒಂಬತ್ತರ ತನಕ ಸಾಮಾನ್ಯವಾಗಿ ಗಾಳಿ ತಣ್ಣಗಿರುತ್ತದೆ, ಬೆಳಕು ಮೆತ್ತಗಿರುತ್ತದೆ, ದಳದ ಮೇಲೆ ಇಬ್ಬನಿಯೂ ಇರಬಹುದು. ನೆಲ ಕಾದ ಮೇಲೆ ಬಯಲು ಸೀಮೆಯ ಗಾಳಿ ಏಳುತ್ತದೆ, ಆಮೇಲೆ ಕಡಲೆ ಹೂವಿನಂಥ ಚಿಕ್ಕ ಹೂವಿನ ಜೊತೆ ಗುದ್ದಾಡಿ ಪ್ರಯೋಜನವಿಲ್ಲ. ಮಳೆಗಾಲದ ಗಾಳಿಯಲ್ಲಂತೂ ಹೊಲದ ಕೆಲಸ ಬಿಟ್ಟು ಮನೆಯೊಳಗೆ ಹೂವು ತಂದು ತೆಗೆಯುವುದೇ ಲೇಸು.

ಗಾಳಿ ಎಷ್ಟು ಕೆಡಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹೂವು ಸೆಕೆಂಡಿಗೆ ಒಂದು ಸೆಂಟಿಮೀಟರ್ ಸರಿಯುತ್ತಿದೆ ಎನ್ನಿ, ಕಣ್ಣಿಗೆ ಅದು ಅಲುಗಾಟವೇ ಅನ್ನಿಸುವುದಿಲ್ಲ. 1:1ರಲ್ಲಿ 1/250 ಸೆಕೆಂಡಿನ ಶಟರ್ ಇಟ್ಟರೆ ಅಷ್ಟರಲ್ಲಿ ಚಿತ್ರ ಸೆನ್ಸರ್ ಮೇಲೆ 0.04 ಮಿ.ಮೀ. ಜಾರಿರುತ್ತದೆ. 24 ಮೆಗಾಪಿಕ್ಸೆಲಿನ ಫುಲ್ ಫ್ರೇಮ್‌ನಲ್ಲಿ ಅದು ಆರೇಳು ಪಿಕ್ಸೆಲ್ ಅಗಲದ ಬಳಿತ, ಅಂದರೆ ಚಿತ್ರ ಎಳೆದಂತಾದ ಮಸುಕು. 1/1000ಕ್ಕೆ ಏರಿಸಿದರೆ ಎರಡು ಪಿಕ್ಸೆಲ್‌ಗಿಂತ ಕಡಿಮೆ. ಆದ್ದರಿಂದ ಗಾಳಿ ಇರುವಾಗ ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಎಂಬ ಅಂಕಿ) 800, ಬೇಕಿದ್ದರೆ 1600ಕ್ಕೂ ಹೋಗಿ. ಚಿತ್ರದಲ್ಲಿ ಕಾಣುವ ಕಾಳುಕಾಳನ್ನು ಆಮೇಲೆ ಕಡಿಮೆ ಮಾಡಬಹುದು, ಬಳಿತವನ್ನು ತೆಗೆಯಲಾಗದು. ಇನ್ನೊಂದು ಉಪಾಯ: ತೂಗುವ ಹೂವು ಪ್ರತಿ ತೂಗಿನ ಕೊನೆಯಲ್ಲಿ ಒಂದು ಕ್ಷಣ ನಿಂತು ಹಿಂದಿರುಗುತ್ತದೆ. ಆ ನಿಲುಗಡೆಯ ಜಾಗಕ್ಕೆ ಫೋಕಸ್ ಇಟ್ಟು ಕಾಯಿರಿ.

ಹೂವಿಗೆ ಆಸರೆ ಕೊಡಲು ಹೊಲದಲ್ಲೇ ಸಿಗುವ ಜೋಳದ ದಂಟು ಸಾಕು. ಗಿಡದಿಂದ ನಾಲ್ಕು ಬೆರಳು ದೂರದಲ್ಲಿ ದಂಟನ್ನು ಅರ್ಧ ಅಡಿ ಆಳಕ್ಕೆ ಊರಿ, ಹೂವಿನಿಂದ ಗೇಣು ಕೆಳಗೆ ಕಾಂಡವನ್ನು ಉಣ್ಣೆಯ ದಾರದಿಂದ ಸಡಿಲಾಗಿ ಕಟ್ಟಿ. ದಾರ ಚೌಕಟ್ಟಿನೊಳಗೆ ಕಾಣಬಾರದು, ಕಾಂಡಕ್ಕೆ ಬಿಗಿಯಲೂಬಾರದು; ಬಿಗಿದರೆ ರೈತರ ಗಿಡ ಮುರಿದೀತು. ಗಾಳಿ ಬರುವ ಕಡೆಗೆ ಕೊಡೆ ಬಿಚ್ಚಿಡಿ ಇಲ್ಲವೇ ಗೋಣಿಚೀಲವನ್ನು ಅಡ್ಡ ಹಿಡಿಸಿ. ಎಂಟೊಂಬತ್ತರ ಮೇಲೆ ಬಿಸಿಲು ಚುರುಕಾದರೆ ಬಿಳಿ ಧೋತರವನ್ನು ಒಂದೇ ಮಡಿಕೆಯಲ್ಲಿ ಹೂವಿನ ಮೇಲೆ ಚಪ್ಪರದಂತೆ ಹಿಡಿದರೆ ನೆರಳಿನ ಗೆರೆ ಮಾಯವಾಗುತ್ತದೆ.

ಎರೆ ಹೊಲದಲ್ಲಿ ಟ್ರೈಪಾಡ್ ನಿಲ್ಲಿಸುವುದಕ್ಕೆ ಪ್ರತ್ಯೇಕ ಎಚ್ಚರ ಬೇಕು. ಹಸಿ ಇದ್ದಾಗ ಕಾಲು ನಿಧಾನಕ್ಕೆ ಇಳಿಯುತ್ತಲೇ ಇರುತ್ತದೆ. ಈಗ ಕೂರಿಸಿದ ಫೋಕಸ್ ಎರಡು ನಿಮಿಷಕ್ಕೆ ಒಂದು ಮಿಲಿಮೀಟರ್ ಕೆಳಗೆ ಜಾರಿರಬಹುದು, ಕಾರಣ ಮಾತ್ರ ಹೊಳೆಯುವುದಿಲ್ಲ. ಪ್ರತಿ ಕಾಲಿನಡಿ ಹಂಚಿನ ಚೂರೋ ಹಲಗೆಯ ತುಂಡೋ ಇಡಿ. ಒಣಗಿದ ಹೊಲದಲ್ಲಿ ಬಿರುಕುಗಳಿರುತ್ತವೆ. ಕಾಲು ಬಿರುಕಿನ ಅಂಚಿಗೆ ಬಂದರೆ ಮಣ್ಣು ಕುಸಿದು ಕ್ಯಾಮೆರಾ ವಾಲುತ್ತದೆ. ಬಿರುಕುಗಳಲ್ಲಿ ಹಾವು ಇರಬಹುದಾದ್ದರಿಂದ ಮೊಣಕಾಲೂರುವ ಮೊದಲು ಕೋಲಿನಿಂದ ತಟ್ಟಿ ನೋಡಿ, ಬೂಟು ಹಾಕಿಕೊಳ್ಳಿ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಟ್ರೈಪಾಡಿಗೆ ಈ ತೊಂದರೆಯಿಲ್ಲ. ಕಡಲೆಯಂಥ ಗಿಡ್ಡ ಗಿಡಕ್ಕೆ ಟ್ರೈಪಾಡಿಗಿಂತ ಬಟ್ಟೆಯ ಚೀಲಕ್ಕೆ ಕಿಲೋ ಒಂದೂವರೆ ಕಿಲೋ ಜೋಳ ತುಂಬಿ ಅದರ ಮೇಲೆ ಲೆನ್ಸ್ ಇಡುವುದು ಅನುಕೂಲ.

ಇನ್ನು ಕೆಲವು ಎಚ್ಚರಿಕೆಗಳು. ತೊಗರಿ ಹೂವಾಡುವ ಹೊತ್ತಿಗೇ ಕಾಯಿಕೊರಕ ಹುಳಕ್ಕೆ ಔಷಧ ಹೊಡೆಯುತ್ತಾರೆ. ಹೊಲಕ್ಕೆ ಇಳಿಯುವ ಮೊದಲು "ಕಾಕಾ, ಎಣ್ಣಿ ಯಾವಾಗ ಹೊಡ್ದೀರಿ?" ಎಂದು ಕೇಳಿ, ಹೊಡೆದು ಎರಡು ಮೂರು ದಿನವಾಗುವ ತನಕ ಆ ಹೊಲ ಬಿಡಿ. ಅನುಮತಿ ಕೇಳಿದಂತೆಯೂ ಆಯಿತು. ಎಕ್ಕೆಯ ಹಾಲು ಕಣ್ಣಿಗೆ ಅಪಾಯ. ಕೈಗೆ ತಗುಲಿದರೆ ತೊಳೆಯದೆ ವ್ಯೂಫೈಂಡರಿಗೆ ಕಣ್ಣು ಒಡ್ಡಬೇಡಿ. ಕಡಲೆ ಗಿಡದ ಎಲೆಯ ಮೇಲಿನ ಹುಳಿ ಲೆನ್ಸಿಗೆ ಹತ್ತಿದರೆ ಮಂಜು ಕವಿದಂಥ ಪೊರೆ ನಿಲ್ಲುತ್ತದೆ, ಆದ್ದರಿಂದ ಲೆನ್ಸಿಗೆ ಹುಡ್ ಇರಲಿ. ಕುಸುಬೆ ಹೊಲಕ್ಕೆ ದಪ್ಪ ಪ್ಯಾಂಟು.

ಫೋಕಸ್ ಕೂರಿಸುವುದು

ಕೈಯಲ್ಲಿ ಹಿಡಿದು ತೆಗೆಯುವಾಗ ಫೋಕಸ್ ರಿಂಗ್ ತಿರುಗಿಸುತ್ತ ಕೂರಬೇಡಿ. ಮ್ಯಾನುಯಲ್ ಫೋಕಸಿಗೆ ಹಾಕಿ, ಬೇಕಾದ ಅಳತೆಗೆ ರಿಂಗ್ ಒಮ್ಮೆ ತಿರುಗಿಸಿ ಬಿಟ್ಟುಬಿಡಿ. ಮೊಣಕೈಗಳನ್ನು ಮೊಣಕಾಲಿಗೆ ಊರಿ, ಇಡೀ ಮೈಯನ್ನು ಕೂದಲೆಳೆಯಷ್ಟು ಮುಂದಕ್ಕೆ ತೂಗಿ. ಕೇಸರದ ತುದಿ ಚೂಪಾಗುವುದಕ್ಕೆ ಸ್ವಲ್ಪ ಮೊದಲೇ ಬಟನ್ ಒತ್ತಿ ನಾಲ್ಕೈದು ಚಿತ್ರ ಒಟ್ಟಿಗೆ ತೆಗೆದುಕೊಳ್ಳಿ. ಪದರ ಆ ತುದಿಯನ್ನು ದಾಟಿ ಹೋಗುವಾಗ ಒಂದಾದರೂ ಸರಿಯಾಗಿ ಬೀಳುತ್ತದೆ. ಶಟರ್ 1/250ಕ್ಕಿಂತ ಕೆಳಗೆ ಇಳಿಯದಿರಲಿ. ಕೈನಡುಕ ತಡೆಯಲು ಲೆನ್ಸಿನಲ್ಲಿರುವ ಸ್ಟೆಬಿಲೈಸೇಷನ್ ಹತ್ತಿರದ ದೂರದಲ್ಲಿ ಅಷ್ಟು ಕೆಲಸ ಮಾಡುವುದಿಲ್ಲ. ಮೈ ಹಿಂದೆ ಮುಂದೆ ತೂಗುವುದನ್ನಂತೂ ಅದು ತಡೆಯಲಾರದು, ಫೋಕಸ್ ತಪ್ಪಿಸುವುದು ಅದೇ ತೂಗಾಟ.

ಟ್ರೈಪಾಡ್ ಮೇಲಿದ್ದರೆ ಲೈವ್ ವ್ಯೂ (ಲೆನ್ಸ್ ಕಾಣುವುದನ್ನು ಹಿಂದಿನ ಪರದೆಯಲ್ಲೇ ತೋರಿಸುವ ವ್ಯವಸ್ಥೆ) ಹಾಕಿ, ಪರದೆಯನ್ನು ಹತ್ತು ಪಟ್ಟು ಹಿಗ್ಗಿಸಿ, ಕೇಸರದ ತುದಿಯ ಮೇಲಿನ ಪರಾಗದ ಕಾಳು ಬಿಡಿಬಿಡಿಯಾಗಿ ಕಾಣುವ ತನಕ ರಿಂಗ್ ತಿರುಗಿಸಿ. ಚೂಪಾದ ಅಂಚುಗಳನ್ನು ಪರದೆಯಲ್ಲಿ ಗುರುತಿಸುವ ಫೋಕಸ್ ಪೀಕಿಂಗ್‌ನ ಬಣ್ಣದ ಗೆರೆ ಅಂದಾಜಿಗಷ್ಟೇ, ಅದು ತೋರಿಸುವ ಪಟ್ಟಿ ನಿಜವಾದ ಪದರಕ್ಕಿಂತ ದಪ್ಪ. ಎರಡು ಸೆಕೆಂಡಿನ ಟೈಮರ್ ಅಥವಾ ರಿಮೋಟ್ ಬಳಸಿ.

ಆಟೋಫೋಕಸ್ ಬಳಸುವುದಾದರೆ ಅತಿ ಚಿಕ್ಕ ಒಂದೇ ಪಾಯಿಂಟ್ ಆರಿಸಿ, ಅದನ್ನು ಕೇಸರವಿರುವ ಜಾಗಕ್ಕೇ ಸರಿಸಿ. ನಡುವಿನ ಪಾಯಿಂಟಿನಿಂದ ಫೋಕಸ್ ಹಿಡಿದು ಆಮೇಲೆ ಚೌಕಟ್ಟು ತಿರುಗಿಸುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. 30 ಸೆಂ.ಮೀ. ದೂರದಲ್ಲಿ ಕ್ಯಾಮೆರಾವನ್ನು 5 ಡಿಗ್ರಿ ತಿರುಗಿಸಿದರೂ ಪದರ 1 ಮಿ.ಮೀ.ಗಿಂತ ಹೆಚ್ಚು ಹಿಂದಕ್ಕೆ ಹೋಗುತ್ತದೆ. ನಿಮ್ಮಲ್ಲಿ ಇದ್ದದ್ದೇ ಅಷ್ಟು.

ಅಪರ್ಚರ್ ಎಷ್ಟು ಇಡಬೇಕು ಎಂದರೆ, ಹೆಚ್ಚಿನ ಕೆಲಸಕ್ಕೆ ಎಫ್ 8ರಿಂದ ಎಫ್ 11. ಪದರ ದಪ್ಪವಾಗಲಿ ಎಂದು ಎಫ್ 22ಕ್ಕೆ ಹೋದರೆ ಡಿಫ್ರ್ಯಾಕ್ಷನ್ ಅಡ್ಡ ಬರುತ್ತದೆ: ಸಣ್ಣ ತೂತಿನ ಮೂಲಕ ಹಾಯುವ ಬೆಳಕು ಹರಡಿಕೊಂಡು ಇಡೀ ಚಿತ್ರ ಒಂದೇ ಸಮ ಮೆತ್ತಗಾಗುತ್ತದೆ. ಅದರ ಮೇಲೆ 1:1ರಲ್ಲಿ ಅಪರ್ಚರ್ ತೋರಿಸುವ ಅಂಕಿಯ ಎರಡರಷ್ಟಾಗಿ ಕೆಲಸ ಮಾಡುತ್ತದೆ. ಎಫ್ 8 ಇಟ್ಟಿದ್ದು ನಿಜದಲ್ಲಿ ಎಫ್ 16. ನಿಕಾನ್ ಮ್ಯಾಕ್ರೋ ಲೆನ್ಸುಗಳು ಹತ್ತಿರ ಹೋದಂತೆ ಈ ನಿಜವಾದ ಅಂಕಿಯನ್ನೇ ತೋರಿಸುತ್ತವೆ, ಕ್ಯಾನನ್‌ನಲ್ಲಿ ಇಟ್ಟ ಅಂಕಿಯೇ ಉಳಿಯುತ್ತದೆ. ಇಬ್ಬರ ಸೆಟ್ಟಿಂಗ್ ಹೋಲಿಸುವಾಗ ಇದು ನೆನಪಿರಲಿ.

ಕೆಟ್ಟ ಚಿತ್ರವನ್ನು ಓದುವುದು

ಹೊಲದಲ್ಲಿರುವಾಗಲೇ ಪರದೆಯಲ್ಲಿ ಹಿಗ್ಗಿಸಿ ನೋಡಿ. ಮನೆಗೆ ಬಂದು ನೋಡಿದರೆ ಸರಿಪಡಿಸುವ ಅವಕಾಶ ಇರುವುದಿಲ್ಲ. ಪ್ರತಿ ದೋಷಕ್ಕೂ ತನ್ನದೇ ಗುರುತಿದೆ.

ಹೂವು, ಎಲೆ, ಕಾಂಡ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ. ಶಟರ್ ಏರಿಸಿ ಇಲ್ಲವೇ ಆಸರೆ ಕೊಡಿ. ಹೂವು ಮಾತ್ರ ಎಳೆದಂತಿದ್ದು ಕೆಳಗಿನ ಕಾಂಡ ಚೂಪಾಗಿದ್ದರೆ ಅದು ಗಾಳಿ. ಎಳೆತವೇ ಇಲ್ಲದೆ ಕೇಸರ ಮಸುಕಾಗಿ, ಹಿಂದಿನ ದಳದ ನರವೋ ಮುಂದಿನ ಅಂಚೋ ಚೂಪಾಗಿದ್ದರೆ ಪದರ ತಪ್ಪಿದ ಜಾಗಕ್ಕೆ ಬಿದ್ದಿದೆ. ಎಲ್ಲೂ ಎಳೆತವಿಲ್ಲ, ಎಲ್ಲೂ ಚೂಪಿಲ್ಲ, ಒಟ್ಟಾರೆ ಮಬ್ಬು ಎಂದಾದರೆ ಅಪರ್ಚರ್ ನೋಡಿ, ಆಮೇಲೆ ಲೆನ್ಸಿನ ಗಾಜು ನೋಡಿ. ಧೂಳು, ಪರಾಗ, ಅಥವಾ ಎಸಿ ಕೋಣೆಯಿಂದ ನೇರ ಹೊರಗೆ ತಂದಿದ್ದರಿಂದ ಕೂತ ತೇವ ಇರುತ್ತದೆ. ಧೂಳನ್ನು ಮೊದಲು ಬ್ಲೋವರಿನಿಂದ ಊದಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ.

ಐದನೆಯ ದೋಷವೊಂದಿದೆ, ಇದನ್ನು ಬಹಳ ಜನ ಫೋಕಸ್ ತಪ್ಪು ಎಂದೇ ತಿಳಿಯುತ್ತಾರೆ. ಕೆಂಪು ದಾಸವಾಳ, ಮುತ್ತುಗ, ಕೆಂಪಿಗೆ ತಿರುಗಿದ ಕುಸುಬೆ, ಇವುಗಳ ದಳ ನುಣ್ಣಗೆ ಬಳಿದ ಬಣ್ಣದಂತೆ ಕಾಣುತ್ತದೆ, ನರವಿಲ್ಲ, ರೋಮವಿಲ್ಲ. ಪಕ್ಕದ ಹಸಿರು ತೊಟ್ಟು ಮಾತ್ರ ಸ್ಪಷ್ಟ. ಇಲ್ಲಿ ಫೋಕಸ್ ಸರಿಯಾಗಿಯೇ ಇದೆ. ಕೆಂಪು ಬಣ್ಣದ ಮಾಹಿತಿ ಸೆನ್ಸರಿನ ಮಿತಿ ದಾಟಿ ತುಂಬಿಹೋಗಿ, ದಳದೊಳಗಿನ ಏರಿಳಿತ ಅಳಿಸಿದೆ. ಸಾಮಾನ್ಯ ಹಿಸ್ಟೋಗ್ರಾಮ್ (ಚಿತ್ರದ ಕಪ್ಪಿನಿಂದ ಬಿಳಿಯವರೆಗಿನ ಹಂಚಿಕೆಯ ನಕ್ಷೆ) ಇದನ್ನು ತೋರಿಸದೇ ಇರಬಹುದು. ಮೂರು ಬಣ್ಣ ಬೇರೆಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮ್ ತೆರೆದು, ಕೆಂಪಿನ ಗುಡ್ಡ ಬಲಗಡೆಯ ಗೋಡೆಗೆ ಒರಗಿದೆಯೇ ನೋಡಿ. ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳುವ ಬೆಳಕು) ಅನ್ನು ಮೂರನೇ ಎರಡು ಸ್ಟಾಪಿನಿಂದ ಒಂದು ಸ್ಟಾಪಿನಷ್ಟು ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ), ಸೆನ್ಸರಿನ ಮಾಹಿತಿಯನ್ನು ಪೂರ್ತಿ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಮುತ್ತುಗದ ದಳದ ಮೇಲಿನ ಮಖಮಲ್ಲಿನಂಥ ರೋಮ ಆಗ ಎದ್ದು ಕಾಣುತ್ತದೆ.

ಒಂದೇ ಚಿತ್ರಕ್ಕೆ ಆಗದಿದ್ದಾಗ

ಕೊಕ್ಕಿನಂತೆ ಬಾಗಿದ ಮುತ್ತುಗವನ್ನೋ ಕುಸುಬೆಯ ತಲೆಯನ್ನೋ ಪೂರ್ತಿ ಚೂಪಾಗಿ ಬೇಕೆಂದರೆ ಫೋಕಸ್ ಸ್ಟ್ಯಾಕಿಂಗ್ ಮಾಡಬೇಕು: ಪದರವನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿಸುತ್ತ ಹಲವು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದುಗೂಡಿಸುವುದು. ಹೂವಿನ ಆಳ 10 ಮಿ.ಮೀ., ಪದರ 1 ಮಿ.ಮೀ. ಇದ್ದರೆ ಹತ್ತು ಚಿತ್ರ ಸಾಲದು. ಒಂದರ ಮೇಲೊಂದು ಮೂರನೇ ಒಂದು ಭಾಗ ಹತ್ತಿಕೊಂಡಿರಬೇಕು, ಹಾಗಾಗಿ ಹದಿನೈದು. ಇಷ್ಟು ಚಿತ್ರ ತೆಗೆಯುವಷ್ಟು ಹೊತ್ತು ಹೂವು ಅಲುಗಬಾರದು. ಹೊಲಕ್ಕಿಂತ ಮನೆಯೊಳಗೆ ಇದು ಸುಲಭ. ಫ್ಯಾನು, ಕೂಲರ್ ಎರಡೂ ಬಂದ್ ಮಾಡಿ, ಹೂವಿನ ತೊಟ್ಟನ್ನು ನೀರು ತುಂಬಿದ ಸೀಸೆಯಲ್ಲಿಟ್ಟು ಬಾಯಿಗೆ ಹತ್ತಿ ತುರುಕಿ ಬಿಗಿಮಾಡಿ. ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಮಾಡುವ ಹೊಂದಾಣಿಕೆ) ಎರಡನ್ನೂ ಮ್ಯಾನುಯಲ್‌ಗೆ ಹಾಕಿ. ಇಲ್ಲದಿದ್ದರೆ ಜೋಡಿಸಿದ ಮೇಲೆ ದಳದಲ್ಲಿ ಬಣ್ಣದ ಪಟ್ಟೆ ಮೂಡುತ್ತದೆ. ನಿಮಗೆ ಹತ್ತಿರವಿರುವ ತುದಿಯಿಂದ ಹಿಂದಕ್ಕೆ ಹೋಗಿ, ಒಂದನ್ನೂ ಹಾರಿಸಬೇಡಿ. ಎಫ್ 5.6 ಅಥವಾ 8 ಸಾಕು, ಪದರ ದಪ್ಪ ಮಾಡುವ ಕೆಲಸ ಈಗ ಅಪರ್ಚರಿನದಲ್ಲ.

ಜೋಡಿಸಲು ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್, ಫೋಟೊಶಾಪ್‌ನಂಥ ತಂತ್ರಾಂಶಗಳಿವೆ. ಹಣ ಕೊಡಲಾಗದವರಿಗೆ ಹ್ಯೂಗಿನ್ ಎಂಬ ತಂತ್ರಾಂಶದ ಜೊತೆ ಬರುವ ಎನ್‌ಫ್ಯೂಸ್ ಉಚಿತ. ಚೂಪಾದ ಜಾಗಗಳ ನಡುವೆ ಮಸುಕಿನ ಪಟ್ಟಿ ಕಂಡರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಇಟ್ಟ ಹೆಜ್ಜೆ ದೊಡ್ಡದಾಗಿದೆ ಎಂದರ್ಥ. ಜೋಡಿ ಗೆರೆ ಕಂಡರೆ ಹೂವೇ ಅಲುಗಿದೆ. ನೀರಿಗೆ ಹಾಕಿದ ಹೂವು ತಾನಾಗಿ ಅರಳುತ್ತಲೂ ಇರುತ್ತದೆ, ಆದ್ದರಿಂದ ನಿಧಾನ ಮಾಡಬೇಡಿ.

ಮೊಬೈಲಿನಲ್ಲಿ

ಎರಡು ಮೆಗಾಪಿಕ್ಸೆಲಿನ ಪ್ರತ್ಯೇಕ ಮ್ಯಾಕ್ರೋ ಲೆನ್ಸ್ ಇರುವ ಫೋನಿನಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು. ಮುಖ್ಯ ಕ್ಯಾಮೆರಾದಲ್ಲೇ ಒಂದು ಗೇಣು ಹಿಂದೆ ಸರಿದು 2x ಹಾಕಿ ತೆಗೆದು, ಆಮೇಲೆ ಕತ್ತರಿಸಿಕೊಂಡರೆ ಹೆಚ್ಚು ವಿವರ ಸಿಗುತ್ತದೆ. ಹೂವಿನ ಕೇಸರದ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಫೋಕಸ್ ಬೀಗ ಬೀಳುತ್ತದೆ. ಆಮೇಲೆ ಫೋನನ್ನು ಹಿಂದೆ ಮುಂದೆ ಆಡಿಸಿ. ಫೋನು ಪದೇಪದೇ ಹಿಂದಿನ ಎಲೆಗೆ ಹಾರುತ್ತಿದ್ದರೆ ಅಂಗೈಯನ್ನು ಹೂವಿನ ಪಕ್ಕಕ್ಕೆ, ಅಷ್ಟೇ ದೂರದಲ್ಲಿ ಹಿಡಿದು ಅದಕ್ಕೆ ಫೋಕಸ್ ಬೀಗ ಹಾಕಿ, ಕೈ ತೆಗೆದು ತೆಗೆಯಿರಿ. ಸಿಕ್ಕಿಸುವ ಕ್ಲಿಪ್ ಲೆನ್ಸ್ ಹಾಕಿದಾಗ ಹೂವಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ ಮಾತ್ರ ಫೋಕಸ್ ಕೂರುತ್ತದೆ, ಅಷ್ಟು ಹತ್ತಿರ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಸೂರ್ಯನನ್ನು ಬೆನ್ನಿಗೆ ಇಟ್ಟುಕೊಳ್ಳದೆ ಪಕ್ಕಕ್ಕೆ ಇಟ್ಟುಕೊಳ್ಳಿ, ಎದುರು ಬದಿಗೆ ಒಂದು ಬಿಳಿ ರಟ್ಟು ಹಿಡಿಯಿರಿ.